ಮಡಿಬೆಕ್ಕು ಮತ್ತು ಭೂತಗನ್ನಡಿ

ನಮ್ಮ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳಿಗೆ ಚೆನ್ನೈಯ ಈ ಕಟ್ಟಡದಲ್ಲಿ ನಡೆಯುವ ಎಲ್ಲ ಅನಾಹುತಕ್ಕೂ ಒಂದು ಕಾರಣ ಬೇಕು, ಮತ್ತು ಆ ಕಾರಣ ಮೂರನೆಯ ಮಹಡಿಯಲ್ಲಿ ಸಿಗಬೇಕು. ಮೂರನೆಯ ಮಹಡಿಯಲ್ಲಿರುವುದು ನಾವು. ಲಿಫ್ಟ್ ನಿಂತರೆ ನನ್ನ ಮಗಳು ಗುಂಡಿಯನ್ನು ಎರಡು ಸಲ ಒತ್ತಿದ್ದು ಕಾರಣ. ಮೋಟಾರ್ ಸುಟ್ಟರೆ ನನ್ನ ಅಮ್ಮ ಬೆಳಗಿನ ಐದಕ್ಕೆ ಸ್ನಾನ ಮಾಡುವುದು ಕಾರಣ. ಹಾಗಾಗಿ ಕಾರ್ಯದರ್ಶಿಗಳ ಮೊಮ್ಮಗಳ ತೋಳಿನ ಮೇಲೆ ರೂಪಾಯಿಯಗಲದ ಕೆಂಪು ಉಂಗುರವೊಂದು ಎದ್ದಾಗ ಅವರು ಬಹಳ ಯೋಚಿಸಬೇಕಾಗಲಿಲ್ಲ. ವಾಟ್ಸ್ಯಾಪ್ ಗುಂಪಿಗೆ ನಮ್ಮ ಬೆಕ್ಕಿನ ಫೋಟೋ ಬಂತು. ಮೆಟ್ಟಿಲಿನ ಮೇಲೆ ಹಿಂದಿನಿಂದ ತೆಗೆದದ್ದು. ಹಿಂಗಾಲಿನ ಪಕ್ಕ ಕೂದಲು ಉದುರಿದ ಜಾಗಕ್ಕೆ ಕೆಂಪು ಗೆರೆಯಲ್ಲಿ ಸುತ್ತು ಹಾಕಿದ್ದರು. ಕೆಳಗೆ ತಮಿಳಿನಲ್ಲಿ ‘ಪಡರ್‌ತಾಮರೈ’ ಎಂದು ಬರೆದಿದ್ದರು. ನಾವು ಹುಳುಕಡ್ಡಿ ಅನ್ನುವುದಕ್ಕೆ ಇಲ್ಲಿಯವರು ಇಟ್ಟಿರುವ ಹೆಸರು ಅದು.

ಭಾನುವಾರ ಹತ್ತೂವರೆಗೆ ಸಭೆ. ಬೆಕ್ಕಿಗೆ ಹುಳುಕಡ್ಡಿ ಇಲ್ಲವೆಂದು ನಾವು ಅಷ್ಟರೊಳಗೆ ತೋರಿಸಬೇಕು, ಇಲ್ಲದಿದ್ದರೆ ಬೆಕ್ಕು ಕಟ್ಟಡ ಬಿಡಬೇಕು. ಅದರ ಮುಂದಿನ ಜೀವನಕ್ಕೂ ಕಾರ್ಯದರ್ಶಿಗಳೇ ಏರ್ಪಾಡು ಮಾಡಿದ್ದರು. ತಿರುವೊಟ್ಟಿಯೂರಿನಲ್ಲಿ ಅವರ ಭಾವಮೈದುನನದೊಂದು ಗೋದಾಮಿದೆಯಂತೆ, ಅಲ್ಲಿ ಇಲಿಗಳು ಬೇಕಾದಷ್ಟಿವೆಯಂತೆ, ಕರೆದೊಯ್ಯಲು ಗಾಡಿಯೂ ಬರುತ್ತದಂತೆ.

ನಾನು ಇದನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಹೂಬತ್ತಿ ಹೊಸೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

“ಅದು ಹೋದ್ರೆ ನಾನೂ ಹೋಗ್ತೀನಿ” ಅಂದಳು.

“ಎಲ್ಲಿಗಮ್ಮ?”

“ತಿರುವೊಟ್ಟಿಯೂರಿಗೆ. ಅಲ್ಲಿ ದೊಡ್ಡ ದೇವಸ್ಥಾನನಾದ್ರೂ ಇದೆ. ಇಲ್ಲೇನಿದೆ, ನಿಮ್ಮ ಮುಖಗಳು.”

ತಮಾಷೆಗೆ ಹೇಳಿದ್ದಲ್ಲ. ಎಪ್ಪತ್ತೆಂಟು ವರ್ಷದ ನನ್ನ ಅಮ್ಮ ಒಂದು ಸಲ ಹೇಳಿದರೆ ಚೀಲ ತುಂಬಿಕೊಂಡು ನಮ್ಮ ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಹೋಗಿ ನಿಲ್ಲುವವಳೇ. ಎರಡು ವರ್ಷಗಳ ಹಿಂದೆ ನನ್ನ ಜೊತೆ ವಿಮಾ ಕಚೇರಿಯಲ್ಲಿದ್ದ ಗೆಳೆಯನೊಬ್ಬ ರಾಯಪುರಂನ ಮೀನುಗಾರರ ಬೀದಿಯಿಂದ ಈ ಮರಿಯನ್ನು ರಟ್ಟಿನ ಡಬ್ಬದಲ್ಲಿ ತಂದುಕೊಟ್ಟಾಗ, ‘ಮೀನಿನ ಬೀದಿಯದು ಒಳಗೆ ಬರಕೂಡದು’ ಎಂದು ಬಾಗಿಲಿಗೆ ಅಡ್ಡ ನಿಂತವಳೂ ಇವಳೇ. ಒಂದು ವಾರದಲ್ಲಿ ಅದು ಇವಳ ಕೈಯಿಂದ ಮೊಸರನ್ನ ತಿನ್ನುತ್ತಿತ್ತು. ಮಗಳು ಪೊಟ್ಟಣದಲ್ಲಿ ತರುವ ಬೆಕ್ಕಿನ ಆಹಾರಕ್ಕೆ ಅಮ್ಮ ‘ಅದರ ಬಿಸ್ಕತ್ತು’ ಅನ್ನುತ್ತಾಳೆ. ಪೊಟ್ಟಣದ ಮೇಲೆ ಅಂಗೈಯಗಲದ ಮೀನಿನ ಚಿತ್ರವಿದೆ. ಅಮ್ಮನಿಗೆ ಅದು ಇವತ್ತಿನವರೆಗೂ ಕಂಡಿಲ್ಲ.

ಅಮ್ಮನ ಮಡಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೆಳಗಿನ ಸ್ನಾನವಾದ ಮೇಲೆ, ಯಾರೂ ಮುಟ್ಟದಂತೆ ಕೋಲಿನಲ್ಲಿ ಮೇಲೆ ಹರವಿ ಒಣಗಿಸಿದ ಸೀರೆಯನ್ನುಟ್ಟು, ಪೂಜೆ, ಅಡಿಗೆ, ತನ್ನ ಊಟ ಮುಗಿಯುವವರೆಗೆ ಅವಳನ್ನು ಯಾರೂ ಮುಟ್ಟಕೂಡದು. ಮುಟ್ಟಿದರೆ ಇನ್ನೊಂದು ಸ್ನಾನ. ಮೈಸೂರಿನಿಂದ ಮದುವೆಯಾಗಿ ಬಂದಾಗ ತಂದದ್ದು ಒಂದು ಟ್ರಂಕು ಮತ್ತು ಈ ಮಡಿ. ಟ್ರಂಕು ಎಂದೋ ತುಕ್ಕು ಹಿಡಿಯಿತು. ಅಡಿಗೆಮನೆಯ ಹೊಸ್ತಿಲಿನ ಈಚೆಗೆ ನಿಂತು ‘ಅಮ್ಮಾ ಹಸಿವು’ ಎಂದು ಕೂಗುತ್ತ ನಾನು ಬೆಳೆದೆ. ಅದೇ ಹೊಸ್ತಿಲಿನ ಈಚೆಗೆ ನನ್ನ ಮಗಳು ಬೆಳೆದಳು. ಅವಳು ಕೂಗಿದ್ದು ತಮಿಳಿನಲ್ಲಿ, ಅಷ್ಟೇ ವ್ಯತ್ಯಾಸ. ಇಲ್ಲೇ ಎಂಜಿನಿಯರಿಂಗ್ ಓದುವ ಅವಳಿಗೆ ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಅಮ್ಮ ತನಗೆ ತಮಿಳು ತಿಳಿಯುವುದಿಲ್ಲವೆಂಬ ನಾಟಕವನ್ನು ಅರವತ್ತು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾಳೆ. ನನ್ನ ಹೆಂಡತಿ ಏಳೂವರೆಗೆ ಬ್ಯಾಂಕಿಗೆ ಹೊರಟರೆ ಬರುವುದು ಸಂಜೆಗೆ. ಈ ಪ್ರಕರಣದಲ್ಲಿ ತನಗೆ ಯಾವ ಪಾತ್ರವೂ ಇರಲಿಲ್ಲವೆಂದು ಅವಳು ಇಂದಿಗೂ ಸಂತೋಷಪಡುತ್ತಾಳೆ.

ಶುಕ್ರವಾರ ನಾನೂ ಮಗಳೂ ಬೆಕ್ಕನ್ನು ಜಿಪ್ಪಿನ ಚೀಲದಲ್ಲಿ ತುರುಕಿಕೊಂಡು ಪಕ್ಕದ ಬೀದಿಯ ಪಶುವೈದ್ಯೆಯ ಹತ್ತಿರ ಹೋದೆವು. ತುರುಕುವಾಗಲೇ ಅದು ನನ್ನ ಮುಂಗೈಯಲ್ಲಿ ನಾಲ್ಕು ಗೆರೆ ಎಳೆದಿತ್ತು. ಚರ್ಮದ ಪರೀಕ್ಷೆ ಎಂದರೆ ನನ್ನ ತಲೆಯಲ್ಲಿದ್ದ ಚಿತ್ರವೇ ಬೇರೆ. ಮಂಪರು ಬರಿಸುತ್ತಾರೆ, ಬ್ಲೇಡಿನಿಂದ ಕೆರೆಯುತ್ತಾರೆ, ರಕ್ತ ಬರುತ್ತದೆ, ನಾನು ಮುಖ ತಿರುಗಿಸಿಕೊಂಡು ಗೋಡೆಯ ಕ್ಯಾಲೆಂಡರ್ ನೋಡುತ್ತೇನೆ. ಹಾಗೇನೂ ಆಗಲಿಲ್ಲ. ವೈದ್ಯೆ ಮೂವತ್ತು ದಾಟಿರದ ಹುಡುಗಿ. ಅವಳು ಮೇಜಿನ ಡ್ರಾಯರಿನಿಂದ ಮಗುವಿನ ಬಳೆಯಷ್ಟು ಅಗಲದ ಒಂದು ಮಸೂರ ತೆಗೆದಳು. ಸುತ್ತಲೂ ಪುಟ್ಟ ಪುಟ್ಟ ದೀಪಗಳು. ಅದನ್ನು ತನ್ನ ಫೋನಿನ ಕ್ಯಾಮೆರಾಕ್ಕೆ ಸಿಕ್ಕಿಸಿ ಬೆಕ್ಕಿನ ಹೊಟ್ಟೆಯ ಬೋಳು ಜಾಗದ ಮೇಲೆ ಮೆತ್ತಗೆ ಇಟ್ಟಳು. ನನ್ನ ಕೈ ಪರಚಿದ್ದ ಆ ದ್ರೋಹಿ ಅವಳ ಕೈಕೆಳಗೆ ಕಣ್ಣು ಮುಚ್ಚಿ ಗುರುಗುಡತೊಡಗಿತು.

ಮಾತುಕತೆಯೆಲ್ಲ ತಮಿಳಿನಲ್ಲಿ ನಡೆದದ್ದು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇಷ್ಟೇನಾ?” ಎಂದೆ.

“ಇಷ್ಟೇ ಸಾರ್. ಕೂದಲು ಕೀಳೋ ಹಾಗಿಲ್ಲ, ಚುಚ್ಚೋ ಹಾಗಿಲ್ಲ. ಬರೀ ನೋಡೋದು. ನಮ್ಮ ಜನಕ್ಕೆ ನೋಡೋದು ಅಂದ್ರೆ ಚಿಕಿತ್ಸೆ ಅನ್ನಿಸೋದೇ ಇಲ್ಲ.”

ನನಗೂ ಅನ್ನಿಸಿರಲಿಲ್ಲ. ಆದರೆ ಅವಳು ಫೋನನ್ನು ನಮ್ಮ ಕಡೆ ತಿರುಗಿಸಿದಾಗ ನಾನು ಬಾಯಿ ಮುಚ್ಚಿಕೊಂಡೆ. ಬರಿಗಣ್ಣಿಗೆ ಬೋಳಾಗಿ ಕಂಡದ್ದು ಬೋಳಾಗಿರಲೇ ಇಲ್ಲ. ಕಬ್ಬು ಕಡಿದ ಗದ್ದೆಯ ಹಾಗಿತ್ತು. ನಸುಗೆಂಪು ಚರ್ಮದ ತುಂಬ ಕೂದಲಿನ ಕೂಳೆಗಳು ಗಟ್ಟಿಯಾಗಿ ನಿಂತಿದ್ದವು. ಒಂದೊಂದರ ತುದಿಯೂ ಮೊಂಡಾಗಿ, ಕೆಲವು ಸೀಳಿಕೊಂಡು, ಹೆಚ್ಚುಕಡಿಮೆ ಒಂದೇ ಎತ್ತರಕ್ಕೆ ತುಂಡಾಗಿದ್ದವು.

“ಹುಳುಕಡ್ಡಿಯಾಗಿದ್ರೆ ಕೂದಲು ಬಗ್ಗಿ ಕೊಂಕಿರುತ್ತೆ ಸಾರ್, ಕಾಮಾ ಹಾಕಿದ ಹಾಗೆ. ಇಲ್ಲಿ ಒಂದಾದ್ರೂ ಕಾಮಾ ಕಾಣುತ್ತಾ ನೋಡಿ.”

ನಾನು ಕನ್ನಡಕ ಸರಿಮಾಡಿಕೊಂಡು ಹುಡುಕಿದೆ. ಮೂವತ್ತು ವರ್ಷ ಜನರ ವಿಮಾ ಅರ್ಜಿಗಳಲ್ಲಿ ತಪ್ಪಿದ ಕಾಮಾ ಹುಡುಕಿ ವಾಪಸು ಕಳಿಸಿದ ಮಹಾನುಭಾವ ನಾನು. ಈ ಕೆಲಸಕ್ಕೆ ನನಗಿಂತ ಅರ್ಹರು ಚೆನ್ನೈಯಲ್ಲಿ ಇರಲಾರರು. ಹೊಟ್ಟೆ, ಎಡ ತೊಡೆ, ಬಲ ತೊಡೆ, ಎಲ್ಲ ಕಡೆಯೂ ಮಸೂರ ಇಟ್ಟು ನೋಡಿದೆವು. ಒಂದೂ ಇರಲಿಲ್ಲ. ಕಾಮಾ ಸಿಗದೆ ನಾನು ಸಂತೋಷಪಟ್ಟದ್ದು ಜೀವಮಾನದಲ್ಲಿ ಅದೇ ಮೊದಲು.

“ಹಾಗಾದ್ರೆ ಕೂದಲು ಉದುರ್ತಾ ಇಲ್ಲ” ಎಂದಳು ವೈದ್ಯೆ. “ಇದೇ ನೆಕ್ಕಿ ನೆಕ್ಕಿ ತುಂಡು ಮಾಡ್ತಾ ಇದೆ. ಬೆಕ್ಕಿನ ನಾಲಿಗೆ ಅರದ ಹಾಗಿರುತ್ತೆ. ಯಾಕೆ ನೆಕ್ಕುತ್ತೆ ಅನ್ನೋದೇ ಪ್ರಶ್ನೆ.” ಮಸೂರವನ್ನು ಇನ್ನೊಂದು ಸಲ ಇಟ್ಟು ಕೂದಲಿನ ಬುಡದಲ್ಲಿ ಅಲ್ಲಲ್ಲಿ ಅಂಟಿದ್ದ ಹಳದಿ ಕಣಗಳನ್ನು ತೋರಿಸಿದಳು. ಆಮೇಲೆ ಬಗ್ಗಿ ಬೆಕ್ಕನ್ನು ಮೂಸಿದಳು. “ಇದಕ್ಕೇನು ಹಚ್ತೀರಿ? ದೇವಸ್ಥಾನದ ವಾಸನೆ ಬರ್ತಾ ಇದೆ.”

“ಏನೂ ಇಲ್ಲವಲ್ಲ” ಎಂದೆ, ಬಹಳ ಗಟ್ಟಿಯಾಗಿ. ಮಗಳು ನನ್ನನ್ನು ನೋಡಿದಳು. ನಾನು ಅವಳನ್ನು ನೋಡಲಿಲ್ಲ.

ನೂರಕ್ಕೆ ನೂರು ಖಾತ್ರಿ ಬೇಕಾದರೆ ಕೂದಲಿನ ಬೂಸ್ಟನ್ನು ಬೆಳೆಸಿ ನೋಡುವ ಕಲ್ಚರ್ ಮಾಡಬೇಕೆಂದು ವೈದ್ಯೆ ಒಂದು ಹೊಸ ಹಲ್ಲುಜ್ಜುವ ಬ್ರಶ್ಶಿನಿಂದ ಬೆಕ್ಕಿನ ಮೈ ಬಾಚಿ, ಆ ಬ್ರಶ್ಶನ್ನೇ ಪೊಟ್ಟಣ ಕಟ್ಟಿ ಪ್ರಯೋಗಾಲಯಕ್ಕೆ ಕಳಿಸಿದಳು. ಫಲಿತಾಂಶಕ್ಕೆ ಎರಡು ವಾರ. ಭಾನುವಾರದ ಸಭೆಗೆ ಚಿತ್ರಗಳನ್ನೂ ಒಂದು ಪತ್ರವನ್ನೂ ಕೊಟ್ಟಳು. ಹೊರಡುವಾಗ, “ಹಚ್ಚೋದು ಏನೇ ಆಗಿರಲಿ ಸಾರ್, ಕರ್ಪೂರ ಮಾತ್ರ ಬೇಡ. ಬೆಕ್ಕಿಗೆ ಅದು ವಿಷ. ನೆಕ್ಕಿದರೆ ಒಳಗೆ ಹೋಗುತ್ತೆ” ಎಂದಳು.

ಶನಿವಾರ ಬೆಳಿಗ್ಗೆ ಐದು ಗಂಟೆಗೆ ನಾನು ಎದ್ದೆ. ನಿವೃತ್ತನಾದ ಮೇಲೆ ಅಷ್ಟು ಬೇಗ ಎದ್ದದ್ದು ಮೊದಲು. ವಿಮಾ ಕಚೇರಿಯ ತನಿಖಾಧಿಕಾರಿಯ ಗತ್ತಿನಲ್ಲಿ ಕಾಲಿನ ಸದ್ದಾಗದಂತೆ ಅಡಿಗೆಮನೆಯ ಹೊಸ್ತಿಲಿಗೆ ಹೋದೆ. ಒಳಗೆ ದೇವರ ಮುಂದೆ ಎರಡು ಮಣೆ ಹಾಕಿತ್ತು. ಒಂದರ ಮೇಲೆ ಅಮ್ಮ. ಇನ್ನೊಂದರ ಮೇಲೆ ಬೆಕ್ಕು. ನಡುವೆ ಹಿತ್ತಾಳೆ ಚೊಂಬು. ಅಮ್ಮ ಚೊಂಬಿನಲ್ಲಿ ಬಟ್ಟೆ ಅದ್ದಿ ಹಿಂಡಿ ಬೆಕ್ಕಿನ ಹೊಟ್ಟೆ ಒರೆಸುತ್ತಿದ್ದಳು.

“ಈ ಕಾಲು ಕೊಡು. ಆಂ. ಈಗ ಆ ಕಾಲು. ಜಾಣ ನನ್ನ ಕಂದ.”

ಬೆಕ್ಕು ಒಂದಾದ ಮೇಲೊಂದು ಕಾಲು ಕೊಟ್ಟಿತು. ಎಲ್ಲ ಮುಗಿದ ಮೇಲೆ ಎದ್ದು, ಮಡಿಸೀರೆಯುಟ್ಟ ನನ್ನ ಅಮ್ಮನ ಮಡಿಲಿಗೆ ಹತ್ತಿ ಸುರುಳಿ ಸುತ್ತಿಕೊಂಡು ಮಲಗಿತು. ಮೈಲಿಗೆ ಇಲ್ಲ, ಏನೂ ಇಲ್ಲ. ಬೆಕ್ಕಿಗೆ ಮಡಿಯಾಗಿತ್ತು.

ನಗು ಒತ್ತಿಕೊಂಡು ಬಂತು. “ಏನಮ್ಮ, ಅದಕ್ಕೆ ಉಪನಯನ ಯಾವಾಗ?” ಎಂದೆ.

ಅಮ್ಮ ಬೆಚ್ಚಿದಳು. ಸಿಕ್ಕಿಬಿದ್ದ ಕೂಡಲೇ ಜಗಳಕ್ಕೆ ನಿಲ್ಲುವುದು ಅವಳ ಪದ್ಧತಿ. “ಪೂಜೆ ಮಾಡುವಾಗ ಬಂದು ಮೈಮೇಲೆ ಬೀಳುತ್ತೆ ಕಣೋ. ದಿನಾ ಎರಡು ಮೂರು ಸಲ ಸ್ನಾನ ಮಾಡೋಕೆ ನನ್ನ ಕೈಲಾಗುತ್ತಾ? ಅದನ್ನ ಆಚೆ ಹಾಕಿ ಬಾಗಿಲು ಮುಚ್ಚಿದ್ರೆ ಬಾಗಿಲು ಕೆರ್‍ಕೊಂಡು ಅಳುತ್ತೆ. ಅಳೋದನ್ನ ಕೇಳಿಸ್ಕೊಂಡು ಹೇಗೆ ಮಂತ್ರ ಹೇಳಲಿ? ಅದಕ್ಕೆ ಇಷ್ಟು ಅರಿಶಿನ, ಇಷ್ಟು ತುಳಸಿ, ಒಂಚೂರು ಪಚ್ಚಕರ್ಪೂರ ಹಾಕಿ ಒರೆಸ್ತೀನಿ. ಏನು ತಪ್ಪು?”

ನಾನು ಫೋನು ತೆಗೆದು ಮಸೂರದ ಚಿತ್ರ ಹೊಸ್ತಿಲಿನ ಈಚೆಯಿಂದಲೇ ತೋರಿಸಿದೆ. ಅಮ್ಮ ಕತ್ತು ಚಾಚಿದಳು.

“ಏನೋ ಇದು? ಯಾರ ಗದ್ದೆ?”

“ನಿನ್ನ ಕಂದನ ಹೊಟ್ಟೆ.”

ಆಮೇಲೆ ಎಲ್ಲವನ್ನೂ ಹೇಳಿದೆ. ಕಟುವಾಗಿಯೇ ಹೇಳಿದೆ. ಆ ವಾಸನೆ ತಾಳಲಾರದೆ ಅದು ದಿನವಿಡೀ ತನ್ನ ಮೈ ತಾನೇ ನೆಕ್ಕಿಕೊಳ್ಳುತ್ತಿದೆ, ಕರ್ಪೂರ ಅದಕ್ಕೆ ವಿಷ, ನೀನು ದಿನಾ ಬೆಳಿಗ್ಗೆ ದೇವರ ಮುಂದೆ ಕೂರಿಸಿ ಅದಕ್ಕೆ ವಿಷ ಒರೆಸುತ್ತಿದ್ದೀಯ ಎಂದೆ. ಕೊನೆಯ ಮಾತು ಬೇಕಾಗಿರಲಿಲ್ಲ. ಅಮ್ಮ ಜಗಳಕ್ಕೆ ನಿಲ್ಲಲಿಲ್ಲ. ಮಡಿಲಲ್ಲಿದ್ದ ಬೆಕ್ಕಿನ ಹೊಟ್ಟೆಯ ಮೇಲಿಟ್ಟಿದ್ದ ಕೈಯನ್ನು ಎತ್ತಿಕೊಂಡಳು. ಎದ್ದು ಚೊಂಬಿನ ನೀರನ್ನು ಸಿಂಕಿಗೆ ಸುರಿದು, ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಬಹಳ ಹೊತ್ತು ತಿಕ್ಕಿದಳು. ಆ ದಿನ ಅವಳು ಊಟ ಮಾಡಲಿಲ್ಲ. ನನಗೆ ನನ್ನ ನಾಲಿಗೆಯ ಮೇಲೆ ಸಿಟ್ಟು ಬಂತು.

ಭಾನುವಾರದ ಸಭೆ ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿಗಳಲ್ಲಿ. ನಾನು ಬೆಕ್ಕಿನ ಹೊಟ್ಟೆಯ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಮುದ್ರಿಸಿಕೊಂಡು ಹೋಗಿದ್ದೆ. ಹದಿನೈದು ಮನೆಗಳವರು ಅದನ್ನು ಕೈಯಿಂದ ಕೈಗೆ ದಾಟಿಸಿ, ಉಲ್ಟಾ ಹಿಡಿದು, ಸೀದಾ ಹಿಡಿದು ನೋಡಿದರು. ಯಾವ ಕೂದಲೂ ಕೊಂಕಿಲ್ಲ, ಎಲ್ಲ ತುಂಡಾಗಿವೆ, ಆದ್ದರಿಂದ ಹುಳುಕಡ್ಡಿಯ ಗುರುತಿಲ್ಲ ಎಂದು ನಾನು ಭಾಷಣ ಮಾಡಿದೆ. ಎರಡನೆಯ ಮಹಡಿಯ ನಿವೃತ್ತ ಮೇಷ್ಟರು ತಲೆದೂಗಿದರು. ಕಾರ್ಯದರ್ಶಿಗಳು ಪಂಚೆಯ ಅಂಚಿನೊಳಗೆ ಬೆರಳು ತೂರಿಸಿ ಸೊಂಟ ಕೆರೆದುಕೊಳ್ಳುತ್ತ ಕೇಳಿಸಿಕೊಂಡರು. ಅದು ಅವರ ಹಳೆಯ ಅಭ್ಯಾಸ. ನಮ್ಮ ಬೆಕ್ಕು ಹುಟ್ಟುವ ಮೊದಲಿನಿಂದಲೂ ಅವರು ಎಲ್ಲ ಸಭೆಗಳನ್ನೂ ಸೊಂಟ ಕೆರೆದುಕೊಂಡೇ ನಡೆಸಿದ್ದಾರೆ.

“ಸರಿ, ಅದೇ ನೆಕ್ಕಿಕೊಳ್ತಾ ಇದೆ ಅಂತಲೇ ಇಟ್ಟುಕೊಳ್ಳೋಣ” ಎಂದರು. “ಯಾಕೆ ನೆಕ್ಕುತ್ತೆ? ರೋಗ ಇಲ್ಲದೆ ಒಂದು ಪ್ರಾಣಿ ತನ್ನ ಕೂದಲು ತಾನೇ ತಿನ್ನುತ್ತಾ? ಕಾರಣ ಹೇಳಿ. ಇಲ್ಲದಿದ್ದರೆ ನಾಳೆ ಗಾಡಿ ಬರುತ್ತೆ.”

ಕಾರಣ ನನ್ನ ಜೇಬಿನಲ್ಲಿ ಸಿದ್ಧವಾಗಿತ್ತು. ಕಾರ್ಯದರ್ಶಿಗಳು ತಮ್ಮ ಬಚ್ಚಲುಮನೆಯ ಟೈಲ್ಸನ್ನು ಎರಡು ತಿಂಗಳಿಂದ ಒಡೆಸುತ್ತಿದ್ದರು. ಆ ಸದ್ದಿಗೆ ಬೆಕ್ಕಿನ ಮನಸ್ಸು ಕೆಟ್ಟಿದೆ ಎಂದು ಅವರ ತಲೆಗೇ ಕಟ್ಟುವುದು ನನ್ನ ಉಪಾಯ. ಅಮ್ಮನ ಮಾನ ಉಳಿಯುತ್ತಿತ್ತು, ಬೆಕ್ಕೂ ಉಳಿಯುತ್ತಿತ್ತು. ಬಾಯಿ ತೆರೆದೆ. ಅಷ್ಟರಲ್ಲಿ ಲಿಫ್ಟಿನ ಬಾಗಿಲು ಸರಿಯಿತು.

ಅಮ್ಮ ಬಂದಳು. ಮಡಿಸೀರೆಯಲ್ಲಿ, ಬೆಳಗಿನ ಹನ್ನೊಂದಕ್ಕೆ, ಹದಿನೈದು ಮನೆಗಳ ಜನರ ನಡುವೆ. ಯಾರು ಮುಟ್ಟುತ್ತಾರೆ, ಯಾರು ತಾಗುತ್ತಾರೆ ಎಂದು ನೋಡದೆ ನೇರವಾಗಿ ಬಂದು ಮೇಷ್ಟರ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಳಿತಳು. ಆಮೇಲೆ ತಮಿಳಿನಲ್ಲಿ ಮಾತಾಡಿದಳು. ಒಂದು ಅಕ್ಷರ ತಪ್ಪಿಲ್ಲದ, ಸಂತೆಯಲ್ಲಿ ಚೌಕಾಶಿ ಮಾಡುವ ಹೆಂಗಸರ ಖಡಕ್ ತಮಿಳು. ನಾನು ಬಾಯಿ ಬಿಟ್ಟುಕೊಂಡು ಕೇಳಿದೆ.

ಅವಳು ಹೇಳಿದ್ದು ಇಷ್ಟು. “ಕಾರಣ ನಾನು. ನನಗೆ ಮಡಿ. ಬೆಕ್ಕನ್ನು ಬಿಟ್ಟಿರಕ್ಕೂ ಆಗಲಿಲ್ಲ, ಮಡಿ ಬಿಡಕ್ಕೂ ಆಗಲಿಲ್ಲ. ದಿನಾ ಕರ್ಪೂರದ ನೀರಲ್ಲಿ ಅದರ ಮೈ ಒರೆಸಿದೆ. ಅದು ನೆಕ್ಕಿ ನೆಕ್ಕಿ ಹೀಗಾಯ್ತು. ತಪ್ಪು ನಂದು, ಬೆಕ್ಕಿಂದಲ್ಲ. ಗಾಡಿ ತರ್ಸೋದಾದ್ರೆ ನನಗೆ ತರ್ಸಿ.” ಸ್ವಲ್ಪ ತಡೆದು ಕಾರ್ಯದರ್ಶಿಗಳ ಪಂಚೆಯ ಅಂಚನ್ನು ನೋಡಿದಳು. “ಹಾಗೇ ಆ ಭೂತಗನ್ನಡೀನ ಒಂದ್ಸಲ ನಿಮ್ಮ ಸೊಂಟಕ್ಕೂ ಇಡ್ಸಿ. ಮೊಮ್ಮಗಳನ್ನ ಎತ್ಕೊಳ್ಳೋರು ನೀವು ತಾನೆ? ನಮ್ಮ ಬೆಕ್ಕು ಎತ್ಕೊಂಡಿಲ್ಲ.”

ಕಾರ್ಯದರ್ಶಿಗಳ ಬೆರಳು ಅಂಚಿನಿಂದ ತಟ್ಟನೆ ಹೊರಬಂತು. ಮೇಷ್ಟರು ಕೆಮ್ಮಿದರು. ಬೆಕ್ಕಿನ ವಿಷಯವನ್ನು ಕಲ್ಚರ್ ಫಲಿತಾಂಶ ಬರುವವರೆಗೆ ಮುಂದೂಡಲಾಯಿತು. ಎರಡು ವಾರದ ಮೇಲೆ ಅದೂ ಬಂತು. ಹುಳುಕಡ್ಡಿ ಇಲ್ಲ. ಕಾರ್ಯದರ್ಶಿಗಳು ಯಾವ ವೈದ್ಯರ ಹತ್ತಿರ ಹೋದರೋ ನನಗೆ ಗೊತ್ತಿಲ್ಲ. ಈಗ ಅವರು ಸಭೆಗೆ ಪ್ಯಾಂಟು ಹಾಕಿಕೊಂಡು ಬರುತ್ತಾರೆ, ಬೆಲ್ಟನ್ನೂ ಬಿಗಿಯುತ್ತಾರೆ.

ಇಲ್ಲಿಗೆ ಮುಗಿಸಿದ್ದರೆ ನಾವು ಗೆದ್ದೆವೆಂದು ಬೆನ್ನು ತಟ್ಟಿಕೊಳ್ಳಬಹುದಿತ್ತು. ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕುಳಿತಾಗ ನಾನು ಅದನ್ನೇ ಮಾಡುತ್ತಿದ್ದೆ. ಅಮ್ಮನ ಭಾಷಣವನ್ನು ಅಣಕಿಸಿ ತೋರಿಸುತ್ತಿದ್ದೆ, ಹೆಂಡತಿ ನಗುತ್ತಿದ್ದಳು. ಮಗಳು ನಗಲಿಲ್ಲ. ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದವಳು ತಲೆಯೆತ್ತಿ ಅಜ್ಜಿಯನ್ನು ನೋಡಿದಳು. ಅಜ್ಜಿ ತಿಳಿಯಲಿಲ್ಲವೆಂದು ತಪ್ಪಿಸಿಕೊಳ್ಳಬಾರದೆಂದೋ ಏನೋ, ಕನ್ನಡದಲ್ಲಿ ಹೇಳಿದಳು. ಒಂದೊಂದೇ ಮಾತನ್ನು ಹುಡುಕಿ ಹುಡುಕಿ ಹೇಳಿದಳು.

“ಅಜ್ಜಿ, ನಾನು ಚಿಕ್ಕವಳಾಗಿದ್ದಾಗ ದಿನಾ ಬಾಗಿಲ ಹತ್ರ ನಿಂತು ಅಳ್ತಿದ್ದೆ. ನೀವು ‘ದೂರ ನಿಂತ್ಕೋ’ ಅಂತಿದ್ರಿ. ನನಗೂ ಒಂದು ಒದ್ದೆ ಬಟ್ಟೆ ತರಬಹುದಿತ್ತು.”

ಸ್ಟೇಷನ್ನಿನಲ್ಲಿ ಒಂದು ರೈಲು ಬಂದು ಹೋಯಿತು. ಅಮ್ಮ ಬಡಿಸುತ್ತಿದ್ದ ಹುಳಿಯ ಸೌಟನ್ನು ಹಿಡಿದುಕೊಂಡೇ ನಿಂತಿದ್ದಳು. ಆಮೇಲೆ ಮೊಮ್ಮಗಳ ತಟ್ಟೆಗೆ ಹುಳಿ ಬಡಿಸಿ ಒಳಗೆ ಹೋದಳು.

ಅಮ್ಮ ಮಡಿ ಬಿಟ್ಟಳೆಂದು ಯಾರೂ ತಿಳಿಯಬೇಡಿ. ಅವಳು ಬಿಡುವ ಪೈಕಿಯಲ್ಲ. ಮರುದಿನದಿಂದ ಬೆಳಿಗ್ಗೆ ಎರಡು ಸ್ನಾನ ಶುರು ಮಾಡಿದಳು. ಐದಕ್ಕೆ ಒಂದು. ಅದಾದ ಮೇಲೆ ಒದ್ದೆ ಕೂದಲಲ್ಲೇ ಹೊರಗೆ ಬಂದು ನಡುಮನೆಯ ಕುರ್ಚಿಯಲ್ಲಿ ಕೂರುತ್ತಾಳೆ. ಬೆಕ್ಕು ಮಡಿಲಿಗೆ ಹತ್ತುತ್ತದೆ. ಹೊಟ್ಟೆಯ ಕೂದಲು ಈಗ ಮತ್ತೆ ಬಂದಿದೆ, ಭೂತಗನ್ನಡಿ ಬೇಡ, ನನ್ನ ಕಣ್ಣಿಗೇ ಕಾಣುತ್ತದೆ. ಕಾಲೇಜಿಗೆ ಹೋಗುವ ಮಗಳು ಅರೆನಿದ್ದೆಯಲ್ಲಿ ಬಂದು ನೆಲದ ಮೇಲೆ ಕುಳಿತು ಅಜ್ಜಿಯ ಮೊಣಕಾಲಿಗೆ ತಲೆಯಿಡುತ್ತಾಳೆ. ಅಜ್ಜಿ ಅವಳ ತಲೆ ಬಾಚುತ್ತಾಳೆ. ಅರ್ಧ ಗಂಟೆ. ಆಮೇಲೆ ಇಬ್ಬರನ್ನೂ ಎಬ್ಬಿಸಿ, ಎರಡನೆಯ ಸ್ನಾನ ಮಾಡಿ, ಮಡಿಯುಟ್ಟು, ಹೊಸ್ತಿಲು ದಾಟಿ ಒಳಗೆ ಹೋಗುತ್ತಾಳೆ. ಮೂರನೆಯ ಮಹಡಿಯವರು ನೀರು ಜಾಸ್ತಿ ಬಳಸುತ್ತಿದ್ದಾರೆಂದು ಕಾರ್ಯದರ್ಶಿಗಳು ಗುಂಪಿಗೆ ಬರೆದಿದ್ದಾರೆ.

ಕಳೆದ ವಾರ ನನಗೂ ಬೆಳಿಗ್ಗೆ ಬೇಗ ಎಚ್ಚರವಾಯಿತು. ನಡುಮನೆಗೆ ಬಂದು ಅಮ್ಮನ ಕುರ್ಚಿಯ ಹತ್ತಿರ ನಿಂತೆ.

“ನಿಂಗೇನೋ ಬೇಕು?”

“ಪೇಪರ್ ಬಂತಾ ಅಂತ ನೋಡೋಕೆ ಬಂದೆ.”

ಪೇಪರ್ ಬರುವುದು ಆರೂವರೆಗೆಂದು ಅವಳಿಗೆ ಗೊತ್ತು. ಮಗಳನ್ನು ಒಂಚೂರು ಸರಿಸಿದಳು. ನಾನು ಅರವತ್ತು ವರ್ಷದ ಮಂಡಿಗಳನ್ನು ಮಡಿಸಿ, ಅಯ್ಯೋ ಅನ್ನುತ್ತ ನೆಲದ ಮೇಲೆ ಕುಳಿತೆ. ಅಮ್ಮನ ತಣ್ಣಗಿನ ಕೈ ನನ್ನ ಬೋಳುತಲೆಯ ಮೇಲೆ ಬಂತು. ಒಂದು ಸಲ ಪೂರ್ತಿ ಸವರಿತು.

“ಇದನ್ನ ಯಾರು ನೆಕ್ಕಿದ್ರೋ?” ಎಂದಳು ಅಮ್ಮ.